ಮುಸುರಿಗೆ ಜಾಗವಿಲ್ಲದ ಕಾರ್ಡು

ಸಿರುಗುಪ್ಪದ ಬಸ್ ನಿಲ್ದಾಣದಿಂದ ನನ್ನ ತಂಗಿಯ ಮನೆಗೆ ಹೋಗುವ ದಾರಿಯಲ್ಲಿ ಒಂದು ಅಕ್ಕಿ ಗಿರಣಿಯ ಹಿಂಗೋಡೆ ಸಿಗುತ್ತದೆ. ಅದರ ನೆರಳಿಗೆ ಯಾರೋ ಎರಡು ಎಮ್ಮೆ ಕಟ್ಟಿಕೊಂಡಿದ್ದಾರೆ. ಕಳೆದ ತಿಂಗಳು ತಂಗಿಯ ಬಸುರಿ ಮಗಳ ಕುಬುಸಕ್ಕೆಂದು ಹಸಿರು ಬಳೆ, ಹೂವಿನ ಪೊಟ್ಟಣ ಹಿಡಿದು ಅಲ್ಲಿ ನಡೆದು ಹೋಗುತ್ತಿದ್ದೆ. ಒಬ್ಬ ಹೆಂಗಸು ಎಮ್ಮೆಯ ಬಾನಿಗೆ ತೌಡು ಸುರಿದು, ಗಂಜಿ ಹೊಯ್ದು ಕೈಯಿಂದ ಕಲಸುತ್ತಿದ್ದಳು. ಬೆಚ್ಚಗಿನ, ಸ್ವಲ್ಪ ಹುಳಿಯೊಡೆದ ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕಾಲುಗಳು ನಿಂತುಬಿಟ್ಟವು. ಆಕೆ ತಲೆಯೆತ್ತಿ, "ಯಾರ ಮನಿಗೆ ಹೋಗಬೇಕ್ರಿ ಅಕ್ಕಾರ?" ಎಂದು ಕೇಳಿದಳು. ತಂಗಿಯ ಮನೆಯ ಹೆಸರು ಹೇಳಲು ನನಗೆ ಎರಡು ಗಳಿಗೆ ಬೇಕಾಯಿತು. ಆಗ ನಾನು ಬಳ್ಳಾರಿಯ ನಮ್ಮ ಓಣಿಯಲ್ಲಿ, ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿದ್ದೆ.

ಆ ವರ್ಷದ ಕ್ಯಾಲೆಂಡರನ್ನು ನಾನು ಎಸೆದಿಲ್ಲ. ಒಂದೊಂದು ದಿನದ ಚೌಕದಲ್ಲೂ ಏನಾದರೊಂದು ಬರೆದಿಡುವುದು ನನ್ನ ಹಳೆಯ ಚಟ. ನೀರು ಬಿಟ್ಟರು, ಗ್ಯಾಸ್ ಬಂತು, ಅರ್ಧ ಲೀಟರ್ ಹಾಲು ಹೆಚ್ಚು. ಯುಗಾದಿಯ ಮರುವಾರದ ಒಂದು ಚೌಕದಲ್ಲಿ "ಕಟ್ಟೆ ಮೀಟಿಂಗು, ಕಾರ್ಡು" ಎಂದಿದೆ. ಅಲ್ಲಿಂದಲೇ ಎಲ್ಲವೂ ಶುರುವಾದದ್ದು.

ನಮ್ಮದು ಗುಡ್ಡದ ಮಗ್ಗುಲಿನ ಓಣಿ. ಅರ್ಧಕ್ಕರ್ಧ ಮನೆಗಳಲ್ಲಿ ಜೀನ್ಸ್ ಕೆಲಸ. ನಾನೂ ಪ್ಯಾಂಟಿನ ಸೊಂಟಕ್ಕೆ ಬೆಲ್ಟಿನ ಲೂಪು ಹೊಲಿಯುತ್ತೇನೆ. ಹೀಗಾಗಿ ನಮ್ಮ ಕಸಕ್ಕೂ ಒಂದು ಬಣ್ಣವಿತ್ತು. ಓಣಿಯ ಬಾಯಿಯಲ್ಲಿ ಬೀಳುತ್ತಿದ್ದ ಗುಡ್ಡೆಯಲ್ಲಿ ನೀಲಿ ಚಿಂದಿಯ ಜೊತೆ ಅನ್ನ, ಬದನೆಕಾಯಿ ತೊಟ್ಟು, ಪ್ಲಾಸ್ಟಿಕ್ ಚೀಲ ಎಲ್ಲ ಕಲಸಿಕೊಂಡು, ಬಿಸಿಲಿಗೆ ಬೆಂದು ನಾರುತ್ತಿದ್ದವು. ಆ ಸಂಜೆ ಪಾಲಿಕೆಯ ಕಸದ ವಿಭಾಗದ ಸಾಹೇಬರು ಬಂದು ಆಂಜನೇಯನ ಕಟ್ಟೆಯ ಮೇಲೆ ಕುಳಿತು ಹೊಸ ಮಾತು ಹೇಳಿದರು. ಇಷ್ಟು ದಿನ ಕಸ ಎತ್ತುವುದಕ್ಕೆ ಎಲ್ಲ ಮನೆಗೂ ಒಂದೇ ದರ. ಇನ್ನು ಮುಂದೆ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಟ್ಟ ಮನೆಗೆ ಅರ್ಧ ದರ, ಕಲಸಿ ಕೊಟ್ಟ ಮನೆಗೆ ಪೂರ್ತಿ ದರ. ಮೊದಲು ನಮ್ಮ ಓಣಿಯಲ್ಲಿ ನೋಡೋಣ, ಸರಿಹೋದರೆ ಬೇರೆ ಕಡೆಗೂ.

"ಯಾರು ಬ್ಯಾರೆ ಮಾಡಿ ಕೊಟ್ರು, ಯಾರು ಕೊಡಲಿಲ್ಲ ಅಂತ ಹೆಂಗ್ರಿ ಗೊತ್ತಾಗತೈತಿ?" ಎಂದು ಕೇಳಿದ್ದು ನಾನೇ.

"ಅದಕ್ಕ ನೀವೇ ಒಂದು ಉಪಾಯ ಹೇಳ್ರಿ. ಮನಿ ನಡಸೋರು ನೀವು" ಎಂದರು.

ಒಂದು ಮದುವೆ ಕಾರ್ಡಿನ ಹಿಂಬದಿಯಲ್ಲಿ ಹೊಲಿಗೆಯ ಸೀಮೆಸುಣ್ಣದಿಂದ ನಾನು ಅಲ್ಲೇ ಗೆರೆ ಎಳೆದು ತೋರಿಸಿದೆ. ಅಡ್ಡಕ್ಕೆ ತಾರೀಖು. ಉದ್ದಕ್ಕೆ ಎರಡು ಸಾಲು, ಒಂದು ಹಸಿ, ಒಂದು ಒಣ. ಗಾಡಿಯವರು ದಿನಾ ಗುರುತು ಹಾಕಲಿ. ತಿಂಗಳಿಗೆ ಇಪ್ಪತ್ತು ದಿನ ಎರಡೂ ಕಡೆ ಗುರುತು ಬಿದ್ದ ಮನೆಗೆ ಅರ್ಧ ದರ. ಸಾಹೇಬರು ತಲೆದೂಗಿದರು. ನನ್ನ ಅಕ್ಷರ ದುಂಡಗಿದೆಯೆಂದು ಓಣಿಯ ಎಲ್ಲ ಮನೆಗಳ ಕಾರ್ಡನ್ನೂ ನನ್ನ ಕೈಯಲ್ಲೇ ಬರೆಸಿದರು. ಎರಡು ದಿನ ಹೊಲಿಗೆ ಬಿಟ್ಟು ಬರೆದೆ. ನನಗೆ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ನಮ್ಮ ಓಣಿಗೆ ಗಾಡಿ ತರುತ್ತಿದ್ದವರು ಖಾಜಾ ಸಾಬರು. ಅವರ ತಂದೆ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಆ ತಂದೆಯ ಟಿಕೆಟ್ ಪಂಚು ಮನೆಯಲ್ಲಿ ಸುಮ್ಮನೆ ಬಿದ್ದಿತ್ತಂತೆ. ಖಾಜಾ ಸಾಬರು ಅದಕ್ಕೆ ಎಣ್ಣೆ ಬಿಟ್ಟು ತಂದು, ನನ್ನ ಕಾರ್ಡಿಗೆ ಪೆನ್ನಿನ ಗುರುತಿನ ಬದಲು ತೂತು ಹಾಕತೊಡಗಿದರು. ಬೆಳಿಗ್ಗೆ ಏಳಕ್ಕೆ ಗಾಡಿಯ ಹಾಡಿನ ಹಿಂದೆಯೇ ಮನೆಮನೆಯ ಬಾಗಿಲಲ್ಲಿ ಕಟ್ ಕಟ್ ಎನ್ನುವ ಸದ್ದು. "ಸೀಟ್ ಐತೇನಪ್ಪ ಕಂಡಕ್ಟ್ರೇ?" ಎಂದು ಮುದುಕರು ಚೇಷ್ಟೆ ಮಾಡಿದರೆ, "ಹಿಂದ ಖಾಲಿ ಐತ್ರಿ, ಕಸದ ಜೊತಿಗೆ ಕುಂದ್ರತೀರೇನು?" ಎನ್ನುತ್ತಿದ್ದರು.

ಮೊದಲ ವಾರದಲ್ಲೇ ಎಡವಟ್ಟಾಯಿತು. "ಒಣ ಕಸಕ್ಕ ರೇಟು ಕಮ್ಮಿ ಅಂತ" ಎಂಬ ಸುದ್ದಿ ಯಾವ ಬಾಯಿಂದ ಹೊರಟಿತೋ, ಓಣಿಯ ಮಾಳಿಗೆಗಳ ಮೇಲೆ ಹೊಸ ಸಂಡಿಗೆ ಕಾಣಿಸಿತು. ಪಕ್ಕದ ಮನೆಯ ರಮಣಮ್ಮ ಮೆಣಸಿನಕಾಯಿಯ ಪಕ್ಕದಲ್ಲೇ ಹಳೆಯ ಸೀರೆ ಹಾಸಿ ಈರುಳ್ಳಿ ಸಿಪ್ಪೆ, ಹೀರೇಕಾಯಿ ಸಿಪ್ಪೆ, ಕಲ್ಲಂಗಡಿಯ ಓಡು ಹರವಿದ್ದರು. ಕಾಗೆ ಓಡಿಸಲು ಕೋಲು ಬೇರೆ. ಮರುದಿನ ಅದನ್ನು ಅಚ್ಚುಕಟ್ಟಾಗಿ ಚೀಲದಲ್ಲಿ ತುಂಬಿ ಗಾಡಿಗೆ ತಂದರು.

"ಅಮ್ಮಾರ, ಇದು ಹಸಿ ಕಸ" ಎಂದರು ಖಾಜಾ ಸಾಬರು.

"ಹಸಿ ಎಲ್ಲೈತಪ್ಪಾ? ಮುಟ್ಟಿ ನೋಡು. ಹಪ್ಪಳ ಆಗೈತಿ."

"ಒಣಗಿದ್ರೂ ಅದು ಹಸಿ ಕಸಾನ ರೀ."

"ಅದೆಂಗ? ಈ ಬಿಸಲಾಗ ಎರಡು ತಾಸು ನಿಂದರಿಸಿದ್ರ ನೀನೂ ಒಣ ಕಸಾನ! ರತ್ನಾ, ಏಮ್ಮಾ, ನೀನು ಬರದ ಕನ್ನಡ ನೀನೇ ಬಂದು ಹೇಳು."

ನಾನು ಸೆರಗು ಬಾಯಿಗೆ ಹಿಡಿದು ನಗುತ್ತಲೇ ಹೋದೆ. ಕೊಳೆಯುವುದೆಲ್ಲ ಹಸಿ, ಕೊಳೆಯದ್ದೆಲ್ಲ ಒಣ ಎಂದು ಮನೆಮನೆಗೆ ಹೇಳಿ, ಎಲ್ಲ ಕಾರ್ಡುಗಳ ಮೇಲೂ ಸಣ್ಣಗೆ ಅದನ್ನೇ ಬರೆದು ಬಂದೆ. ಒಂದು ಮಾತನ್ನು ತಿದ್ದಿದೆ, ಇನ್ನು ತಪ್ಪಿಲ್ಲ ಎಂದುಕೊಂಡೆ. ದೊಡ್ಡ ತಪ್ಪು ಆ ಎರಡು ಸಾಲುಗಳ ನಡುವೆಯೇ ಇತ್ತು. ಅದನ್ನು ಮೊದಲು ಕಂಡವಳು ಹನುಮಕ್ಕ.

ಹನುಮಕ್ಕನದು ಓಣಿಯ ಹಿಂದೆ, ಬಂಡೆಯ ಬುಡದಲ್ಲಿ ತಗಡಿನ ಗೂಡು. ಎರಡು ಎಮ್ಮೆ. ಒಂದರ ಹೆಸರು ಗಂಗಿ. ಇನ್ನೊಂದಕ್ಕೆ ಎಡಗೋಡು ಮುರಿದಿದ್ದರಿಂದ ಒಂಟಿಕೋಡಿ. ನಮ್ಮತ್ತೆಯ ಕಾಲದಿಂದ ಬೆಳಿಗ್ಗೆ ಆರಕ್ಕೆ ಎರಡು ಬಕೀಟು ಹಿಡಿದು "ಮುಸುರೀ..." ಎಂದು ಕೂಗುತ್ತ ಬರುತ್ತಿದ್ದಳು. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿ ಸಿಪ್ಪೆ, ಉಳಿದ ಅನ್ನ, ಎಲ್ಲವೂ ಪ್ರತಿ ಮನೆಯ ಕಟ್ಟೆಯ ಮೇಲಿನ ಮುಸುರಿ ಬಕೀಟಿನಲ್ಲಿ ಆಕೆಗಾಗಿ ಕಾಯುತ್ತಿತ್ತು. ರಮಣಮ್ಮನ ತೆಲುಗಿನಲ್ಲಿ ಅದು ಕುಡಿತಿ. ಸಂಜೆ ಅದೇ ಮನೆಗಳಿಗೆ ಆಕೆ ಹಾಲು ತರುತ್ತಿದ್ದಳು. "ನಿಮ್ಮ ಮನಿ ಗಂಜಿ ನಿಮ್ಮ ಮನಿಗೇ ತಿರಿಗಿ ಬರಾಕತ್ತೈತಿ ನೋಡು" ಎನ್ನುವಳು.

ಮುಸುರಿ ಸುರಿದುಕೊಂಡ ಮೇಲೆ ಬಕೀಟನ್ನು ಒಂದು ಚೊಂಬು ನೀರಿನಲ್ಲಿ ಗಲಬರಿಸಿ, ಬಾಯಿ ಮೇಲಾಗಿ ಇಟ್ಟು ಹೋಗುವುದು ಆಕೆಯ ಪದ್ಧತಿ. ನಾಳೆ ಬರುತ್ತೇನೆ ಎಂದು ಅದರ ಅರ್ಥ. ಊರಿಗೆ ಹೋಗುವ ಮನೆಯವರು ತಾವೇ ಬಕೀಟು ಬೋರಲು ಹಾಕಿ ಹೋಗುತ್ತಿದ್ದರು. ಬೋರಲು ಬಿದ್ದ ಬಕೀಟಿನ ಮನೆಯ ಮುಂದೆ ಹನುಮಕ್ಕ ನಿಲ್ಲುತ್ತಿರಲಿಲ್ಲ.

ನನಗೆ ಆಕೆಯ ನೆನಪಾದಾಗಲೆಲ್ಲ ಕಣ್ಣಿಗೆ ಬರುವುದು ಆಕೆಯ ಕೈ. ಪ್ರತಿ ಬಕೀಟಿಗೂ ಮೊಣಕೈವರೆಗೆ ಕೈ ಹಾಕಿ ಒಂದು ಸುತ್ತು ತಿರುವುತ್ತಿದ್ದಳು, ಎಮ್ಮೆಯ ಬಾಯಿಗೆ ಪಿನ್ನು, ಬ್ಲೇಡು ಹೋಗಬಾರದೆಂದು. ಆದರೆ ಆ ಒಂದು ಸುತ್ತಿನಲ್ಲಿ ಮನೆಯ ಸುದ್ದಿಯೆಲ್ಲ ಆಕೆಯ ಕೈಗೆ ಹತ್ತುತ್ತಿತ್ತು. ಮಾವಿನಕಾಯಿ ಸಿಪ್ಪೆ ನಾಲ್ಕು ದಿನ ಬಿಡದೆ ಬಂದರೆ ಆ ಮನೆಯ ಸೊಸೆಯನ್ನು ನೋಡಿ ಮುಗುಳ್ನಗುವಳು. ರವೆಯ ಗಂಜಿ ಬಂದರೆ, "ಯಾರಿಗೆ ಜ್ವರ?" ಒಮ್ಮೆ ನಾನು ಮನೆಯವರ ಮೇಲೆ ಮುನಿಸಿಕೊಂಡು ಊಟ ಬಿಟ್ಟಿದ್ದೆ. ಮರುದಿನ ಕೈ ತಿರುವಿದವಳೇ, "ಒಬ್ಬರ ಅನ್ನ ಹಂಗಾ ಐತಲ್ಲ ರತ್ನವ್ವ. ಮಾಸ್ತರು ಏನಂದ್ರು?" ಎಂದಳು. ನನ್ನ ಮನೆಯವರು ಕುರುಗೋಡಿನ ಹೈಸ್ಕೂಲಿನಲ್ಲಿ ಮಾಸ್ತರು. ಒಳಗೆ ಬಸ್ಸಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದವರು ಅದನ್ನು ಕೇಳಿ, "ಈಕಿ ಮುಂದ ನಮ್ಮ ಮನ್ಯಾಗ ಗುಟ್ಟು ಅನ್ನೋದ ಇಲ್ಲ" ಎಂದು ನಕ್ಕುಬಿಟ್ಟರು. ಜಗಳ ಅಲ್ಲಿಗೆ ಮುಗಿಯಿತು.

ನಾನು ಕಾರ್ಡು ಹಂಚಿದ ದಿನ ಹನುಮಕ್ಕ ನಮ್ಮ ಬಾಗಿಲಲ್ಲಿ ನಿಂತು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಕೆಗೆ ಓದು ಬಾರದು.

"ಇದರಾಗ ಏನ್ ಬರದಿ?"

"ಈ ಕಡೆ ಒಣ ಕಸ. ಈ ಕಡೆ ಹಸಿ ಕಸ."

"ಹಸಿ ಕಸ ಅಂದ್ರ?"

"ಅನ್ನ, ಸಿಪ್ಪಿ, ಗಂಜಿ."

"ಅದು ಮುಸುರಿ ಅಲ್ಲೇನಬೇ? ಮುಸುರಿ ಹೆಂಗ ಕಸ ಆಗತೈತಿ? ಕಸ ಅಂದ್ರ ಯಾರಿಗೂ ಬ್ಯಾಡಾಗಿದ್ದು. ಇದು ನನ್ನ ಗಂಗಿಗೆ ಬೇಕು."

ನಾನು ನಕ್ಕೆ. ರಮಣಮ್ಮನ ಮಾತಿಗೆ ನಕ್ಕ ಹಾಗೆಯೇ ನಕ್ಕೆ. ಆ ಹೊತ್ತಿಗೆ ಅದೂ ಒಂದು ತಮಾಷೆಯ ಮಾತಾಗಿ ಕೇಳಿತ್ತು.

ಮೊದಲ ತಿಂಗಳು ಮುಗಿದು ಕಾರ್ಡು ನೋಡುವಾಗ ಗೊತ್ತಾಯಿತು. ಹನುಮಕ್ಕನಿಗೆ ಮುಸುರಿ ಕೊಡುತ್ತಿದ್ದ ಮನೆಗಳಲ್ಲಿ ಗಾಡಿಗೆ ಕೊಡಲು ಹಸಿ ಕಸವೇ ಉಳಿದಿರಲಿಲ್ಲ. ಒಣದ ಸಾಲು ತುಂಬ ತೂತು, ಹಸಿಯ ಸಾಲು ಬೋಳು. ಅನ್ನದ ಒಂದು ಅಗುಳೂ ಬೀದಿಗೆ ಬೀಳದ ಮನೆಗಳಿಗೆ ಪೂರ್ತಿ ದರ. ಸಿಪ್ಪೆಯನ್ನೆಲ್ಲ ಗಾಡಿಗೆ ಸುರಿದವರಿಗೆ ಅರ್ಧ. ನಮ್ಮ ಕಾರ್ಡೂ ಬೋಳೇ. "ಕಾರ್ಡು ಬರದಾಕಿ ಕಾರ್ಡೇ ಖಾಲಿ! ಟೀಚರ್ ಫೇಲು!" ಎಂದು ರಮಣಮ್ಮ ಓಣಿಗೆಲ್ಲ ಕೇಳುವ ಹಾಗೆ ಕೂಗಿದರು. ಆಕೆಯ ಮನಸ್ಸಿನಲ್ಲಿ ವಿಷವಿರಲಿಲ್ಲ. ಆದರೆ ಮರುದಿನದಿಂದ ಆಕೆಯ ಕಟ್ಟೆಯ ಮೇಲಿನ ಬಕೀಟು ಬೋರಲಾಯಿತು. ಆಮೇಲೆ ಎದುರು ಮನೆಯದು. ಆಮೇಲೆ ಸಾಲಾಗಿ.

ನಾನು ಖಾಜಾ ಸಾಬರನ್ನು ತಡೆದು ನಿಲ್ಲಿಸಿದೆ. "ಮುಸುರಿ ಕೊಟ್ಟ ಮನಿಗೂ ಹಸಿ ಕಡೆ ಒಂದು ತೂತು ಹಾಕ್ರಿ. ಅದೂ ಲೆಕ್ಕಕ್ಕ ಬರಲಿ."

"ನನ್ನ ಕೈಗೆ ಬಂದಿದ್ದಕ್ಕ ಮಾತ್ರ ತೂತು ಹಾಕ್ತೀನಿ ಅಕ್ಕಾರ" ಎಂದು ಅವರು ಪಂಚನ್ನು ಅಂಗೈಯಲ್ಲಿ ತಿರುಗಿಸಿದರು. "ಕಾಣದ್ದಕ್ಕ ಹಾಕಿದ್ರ ಸುಳ್ಳಾಗತೈತಿ. ನಮ್ಮಪ್ಪ ಇದರಾಗ ಒಂದು ಸುಳ್ಳು ತೂತು ಹಾಕಿದಾತ ಅಲ್ಲ. ನೀವು ಸಾಹೇಬ್ರ ಹತ್ರ ಹೋಗ್ರಿ, ಅವರು ಹಾಕು ಅಂದ್ರ ಹಾಕ್ತೀನಿ."

ಹೋದೆ. ಬಿಸಿಲು ನೆತ್ತಿ ಸುಡುತ್ತಿತ್ತು. ಸಾಹೇಬರು ನೀರು ತರಿಸಿ ಕೊಟ್ಟರು, ಪೂರ್ತಿ ಕೇಳಿದರು. ನಾನು ಹನುಮಕ್ಕನ ಮಾತನ್ನೇ ಹೇಳಿದೆ: ಮುಸುರಿ ಕಸ ಅಲ್ಲ.

"ಸರಿ ರೀ ಅಮ್ಮ, ಕಸ ಅಲ್ಲ. ಕಸ ಅಲ್ಲದ್ದಕ್ಕ ಕಸದ ಕಾರ್ಡಿನಾಗ ಜಾಗ ಹೆಂಗ ಕೊಡಲಿ?" ಎಂದರು.

ಹನುಮಕ್ಕ ಅಭಿಮಾನದಿಂದ ಆಡಿದ ಮಾತೇ ಆಕೆಯ ಬಾಗಿಲು ಮುಚ್ಚಿತ್ತು. ಕೊನೆಗೆ ಅವರೇ, ಪ್ರಯೋಗ ಮುಗಿದ ಮೇಲೆ ಮೇಲಿನವರು ದರವನ್ನು ಮತ್ತೆ ಕೂತು ನೋಡುತ್ತಾರೆ, ಅಷ್ಟರಲ್ಲಿ ಬರೆದು ಕೊಡಿ ಎಂದರು. ಅಲ್ಲೇ ಬೆಂಚಿನ ಮೇಲೆ ಕೂತು ಬರೆದು ಕೊಟ್ಟೆ. ಮಳೆಗಾಲದ ಹೊತ್ತಿಗೆ ಆಗಬಹುದು ಎಂದರು. ಎಮ್ಮೆಗಳಿಗೆ ಹೊಟ್ಟೆ ದಿನಾ ಇರುತ್ತದೆ.

ಆ ಬೇಸಿಗೆಯಲ್ಲಿ ಹಸಿ ಹುಲ್ಲು ಕಣ್ಣಿಗೆ ಕಾಣುತ್ತಿರಲಿಲ್ಲ. ಎರಡು ಬಕೀಟು ತುಂಬಿ ಮತ್ತೊಮ್ಮೆ ಬರುತ್ತಿದ್ದ ಹನುಮಕ್ಕ ಒಂದೇ ಬಕೀಟು ಹಿಡಿದು ಬರತೊಡಗಿದಳು. ಮೋಕದ ಕಡೆಯ ಗದ್ದೆಗಳಿಂದ ನೆಲ್ಲು ಹುಲ್ಲು ತರಿಸಿದಳು. ಬರೀ ಒಣ ಹುಲ್ಲಿಗೆ ಒಂಟಿಕೋಡಿಯ ಹಾಲು ಕಮ್ಮಿಯಾಯಿತು. ಕ್ಯಾಲೆಂಡರಿನ ಚೌಕಗಳಲ್ಲಿ "ಹಾಲು ಅರ್ಧ", "ಹಾಲು ಇಲ್ಲ, ಪ್ಯಾಕೆಟ್" ಎಂದು ನನ್ನದೇ ಅಕ್ಷರ. ಒಂದು ದಿನವೂ ಆಕೆ ನನಗೆ ಕಾರ್ಡಿನ ಮಾತು ಆಡಲಿಲ್ಲ. ಬೋರಲು ಬಿದ್ದ ಬಕೀಟುಗಳನ್ನು ದಾಟುತ್ತ, ದೂರದಿಂದಲೇ ನಮ್ಮ ಮನೆಯ ಬಕೀಟಿನ ಬಾಯಿ ಎತ್ತ ಇದೆಯೆಂದು ನೋಡುತ್ತ ಬರುತ್ತಿದ್ದಳು. ಅದು ನನಗೆ ಒಳಗಿನ ಕಿಟಕಿಯಿಂದ ಕಾಣುತ್ತಿತ್ತು.

ಎರಡನೆಯ ತಿಂಗಳ ಕೊನೆಯ ವಾರ. ಎಲ್ಲ ಮನೆಯ ಕಾರ್ಡುಗಳನ್ನು ಕಟ್ಟೆಯ ಮೇಲೆ ದಾರಕ್ಕೆ ಪೋಣಿಸಿ ತೂಗುಹಾಕುತ್ತಾರೆ, ಸಾಹೇಬರು ಬಂದು ನೋಡುತ್ತಾರೆ ಎಂದಾಯಿತು. ನನ್ನ ಬೋಳು ಕಾರ್ಡನ್ನು ನೆನೆದು ಮುಖ ಬಿಸಿಯಾಯಿತು. ಪೂರ್ತಿ ದರ ಕೊಡುವುದು ನನಗೆ ಭಾರವಾಗಿರಲಿಲ್ಲ. ನನ್ನ ದುಂಡು ಅಕ್ಷರದ ಕೆಳಗೆ ಆ ಖಾಲಿ ಸಾಲು ನಾಲ್ಕು ಜನ ಹೆಂಗಸರ ಮುಂದೆ ನೇತಾಡಬಾರದು, ಅಷ್ಟೇ. ನಾಲ್ಕಾದರೂ ತೂತು ಇರಲಿ ಎಂದುಕೊಂಡೆ. ಮರುದಿನ ಬೆಳಿಗ್ಗೆ ಆರಕ್ಕೆ ಮುಂಚೆಯೇ ಮುಸುರಿಯನ್ನು ಬೇರೆ ಡಬ್ಬಿಗೆ ಸುರಿದು, ಅಡುಗೆಮನೆಯ ಮೂಲೆಯಲ್ಲಿಟ್ಟು, ಬಕೀಟು ತೊಳೆದು ಹೊರಗಿಟ್ಟೆ. ಬೋರಲು ಹಾಕುವಷ್ಟು ಧೈರ್ಯ ಬರಲಿಲ್ಲ.

ಹನುಮಕ್ಕ ಬಂದಳು. ಖಾಲಿ ಬಕೀಟಿಗೆ ಕೈ ಹಾಕಿದಳು. ಅಭ್ಯಾಸಕ್ಕೆ ಒಂದು ಸುತ್ತು ಕೂಡ ತಿರುವಿದಳು.

"ಅಡಿಗಿ ಮಾಡಿಲ್ಲೇನು ರತ್ನವ್ವ?"

"ಇಲ್ಲ ಹನುಮಕ್ಕ, ನಿನ್ನಿಯಿಂದ ಒಲಿ ಹಚ್ಚಿಲ್ಲ. ಹೊರಗ ತಿಂದ್ವಿ."

ಅದೇ ಹೊತ್ತಿಗೆ ಒಳಗೆ ಕುಕ್ಕರ್ ಸೀಟಿ ಹೊಡೆಯಿತು. ಒಂದು. ಸ್ವಲ್ಪ ಬಿಟ್ಟು ಇನ್ನೊಂದು.

ಆಕೆ ನನ್ನ ಮುಖ ನೋಡಲಿಲ್ಲ. ಬಕೀಟು ಎತ್ತಿ, ಸೆರಗಿನಿಂದ ಅದರ ಅಂಚು ಒರೆಸಿ, ಮೆಲ್ಲಗೆ ಕಟ್ಟೆಯ ಮೇಲೆ ಬೋರಲು ಹಾಕಿ ಹೋದಳು. ಆ ವಾರ ನನ್ನ ಕಾರ್ಡಿನ ಹಸಿಯ ಸಾಲಿಗೆ ನಾಲ್ಕು ತೂತು ಬಿದ್ದವು. ಖಾಜಾ ಸಾಬರು ಒಂದೊಂದು ಸಲ ಪಂಚು ಒತ್ತುವಾಗಲೂ ನಾನು ಬೇರೆ ಕಡೆ ನೋಡುತ್ತಿದ್ದೆ.

ಮೊದಲ ಮಳೆ ಬಿದ್ದ ಮರುವಾರ ಆಕೆ ಒಂಟಿಕೋಡಿಯನ್ನು ಕುರುಗೋಡಿನವರೊಬ್ಬರಿಗೆ ಮಾರಿದಳು. ಗಂಗಿಯನ್ನು ಟೆಂಪೋಗೆ ಹತ್ತಿಸಿಕೊಂಡು, ಸಿರುಗುಪ್ಪದ ಹತ್ತಿರದ ಮಗಳ ಊರು ರಾರಾವಿಗೆ ಹೊರಟಳು. ಹೊರಡುವ ಮುಂಚೆ ಒಂದು ಚೊಂಬು ಹಾಲು ತಂದು ನಮ್ಮ ಹೊಸ್ತಿಲ ಮೇಲಿಟ್ಟಳು. "ಅಲ್ಲಿ ಹೊಳಿ ಐತಿ, ಹುಲ್ಲು ಐತಿ. ಯಾವಾಗರ ಬಾ" ಎಂದಳು. ಕ್ಷಮಿಸು ಎನ್ನಲು ಬಾಯಿ ತೆರೆದ ನಾನು, "ಚೊಂಬು?" ಎಂದು ಕೇಳಿದೆ. "ಇರಲಿ, ಇಟಗೋ" ಎಂದು ಟೆಂಪೋ ಹತ್ತಿದಳು.

ಹೊಸ ಕಾರ್ಡು ಶ್ರಾವಣದಲ್ಲಿ ಬಂತು, ಅಚ್ಚು ಹಾಕಿದ್ದು. ಖಾಜಾ ಸಾಬರು ಓಡುತ್ತಲೇ ತಂದು ತೋರಿಸಿದರು. ಹಸಿ, ಒಣ, ಅವುಗಳ ಪಕ್ಕ ಮೂರನೆಯ ಸಾಲು: "ಮುಸುರಿ, ಮನೆ ಗೊಬ್ಬರ". ಅದಕ್ಕೂ ಅರ್ಧ ದರ. ನಾನು ಬರೆದು ಕೊಟ್ಟ ಕಾಗದದ ಮಾತುಗಳೇ. ದರದಿಂದ ಒಳ್ಳೆಯದಾಗಲಿಲ್ಲ ಎಂದು ನಾನು ಹೇಳಲಾರೆ. ಓಣಿಯ ಬಾಯಿಯ ಗುಡ್ಡೆ ಹೋಯಿತು. ನೀಲಿ ಚಿಂದಿ ಈಗ ಬೇರೆಯಾಗಿ ಗಾದಿ ತುಂಬುವವರ ಕೈ ಸೇರುತ್ತದೆ. ರಮಣಮ್ಮ ಮಾಳಿಗೆಯ ಮೇಲೆ ಮಡಕೆಯಲ್ಲಿ ಗೊಬ್ಬರ ಮಾಡಿ, ಮೂರನೆಯ ಸಾಲು ತುಂಬಿಸಿ, ಕರಿಬೇವಿನ ಗಿಡ ತೋರಿಸುತ್ತಾರೆ. ಆದರೆ ಮುಸುರಿ ಎಂಬ ಅಕ್ಷರಕ್ಕೆ ತೂತು ಬೀಳಬೇಕಾದ ಮನೆ ನಮ್ಮ ಓಣಿಯಲ್ಲಿ ಒಂದೂ ಉಳಿದಿರಲಿಲ್ಲ.

ಆಮೇಲೆ ಬೆಳಿಗ್ಗೆ ಆರು ಗಂಟೆಗೆ ಏನೂ ಇಲ್ಲ. ಏಳಕ್ಕೆ ಗಾಡಿಯ ಹಾಡು ಬರುತ್ತದೆ, ಕೊಡುತ್ತೇವೆ, ಹೋಗುತ್ತದೆ. ನಮ್ಮ ಮನೆಯ ಡಬ್ಬಿಯಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ. ಕೇಳುವ ಕೆಲಸವೂ ಅವರದಲ್ಲ. ಕೆಲವು ಸಲ ಮನೆಯವರು ಕುರುಗೋಡಿನಿಂದ ಬಂದು, "ಇವತ್ತು ಒಂಟಿಕೋಡಿ ಕಂಡಿತು, ರಸ್ತಿ ಪಕ್ಕ ಮಲಗಿತ್ತು" ಎನ್ನುತ್ತಾರೆ. ದಪ್ಪಗಾಗಿದೆಯಾ ಎಂದು ಕೇಳುತ್ತೇನೆ. ಆಗಿದೆ ಎನ್ನುತ್ತಾರೆ. ನಿಜವೋ, ನನ್ನ ಸಮಾಧಾನಕ್ಕೋ.

ಸಿರುಗುಪ್ಪದಲ್ಲಿ ಆ ವಾಸನೆ ಕುಡಿದು ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ಮುಂದಿನ ಭಾನುವಾರ ಮುಚ್ಚಳದ ಬಕೀಟಿನಲ್ಲಿ ಒಂದು ದಿನದ ಮುಸುರಿ ತುಂಬಿ, ಹಗ್ಗ ಬಿಗಿದು ಬಸ್ ಹತ್ತಿದೆ. ಹಳೆಯ ಚೊಂಬು ಬ್ಯಾಗಿನಲ್ಲಿತ್ತು.

"ಏನ್ರಿ ಯಮ್ಮಾ ಅದು? ಸಾರೇನು?" ಕಂಡಕ್ಟರ್ ಕೇಳಿದ.

"ಮುಸುರಿ."

"ಬಳ್ಳಾರಿಯಿಂದ ಸಿರುಗುಪ್ಪಕ್ಕ ಮುಸುರಿ? ಅಕ್ಕಿ ಗಿರಣಿ ಊರಿಗೆ? ಕಸ ಹೊರಾಕ ನಮ್ಮ ಬಸ್ಸೇ ಬೇಕಿತ್ತೇನ್ರಿ?"

"ಕಸ ಅಲ್ಲಪ್ಪ ಇದು" ಎಂದೆ. ಬಕೀಟನ್ನು ಕಾಲಿನ ಹತ್ತಿರಕ್ಕೆ ಎಳೆದುಕೊಂಡೆ. ಆತ ನನ್ನ ಮುಖ ನೋಡಿ, ಟಿಕೆಟ್ ಹರಿದು ಕೊಟ್ಟು ಮುಂದಕ್ಕೆ ಹೋದ.

ಸಿರುಗುಪ್ಪದಲ್ಲಿ ಬಸ್ ಬದಲಿಸಿ ರಾರಾವಿಗೆ ಹೋದೆ. ಅಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹನುಮಕ್ಕ ಅಂಗಳದಲ್ಲಿ ಗಂಗಿಯ ಮೈ ತಿಕ್ಕುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನೂ ಬಕೀಟನ್ನೂ ನೋಡಿದಳು.

"ಅವತ್ತು ಒಲಿ ಹಚ್ಚಿಲ್ಲ ಅಂದಿದ್ದೆ, ಹನುಮಕ್ಕ. ಸುಳ್ಳು ಹೇಳಿದೆ. ಕಾರ್ಡಿನಾಗ ನಾಕು ತೂತಿನ ಸಲುವಾಗಿ" ಎಂದೆ. ಮೂರು ವರ್ಷದಿಂದ ಉಜ್ಜಿ ಇಟ್ಟುಕೊಂಡ ಮಾತು ಅಷ್ಟೇ ಉದ್ದವಿತ್ತು.

"ನನಗ ಕೇಳಿತ್ತಲ್ಲ. ಎರಡು ಸೀಟಿ. ಬ್ಯಾಳಿ ಇಟ್ಟಿದ್ದಿ" ಎಂದಳು. ಆಮೇಲೆ ಹಗ್ಗ ಬಿಚ್ಚಿ, ಮುಚ್ಚಳ ತೆಗೆದು, ಬಳೆ ಹಿಂದಕ್ಕೆ ಸರಿಸಿ, ಮೊಣಕೈವರೆಗೆ ಕೈ ಹಾಕಿ ಒಂದು ಸುತ್ತು ತಿರುವಿದಳು. ಕೈ ಅರ್ಧಕ್ಕೆ ನಿಂತಿತು. ಇನ್ನೊಂದು ಸುತ್ತು ಹೋಯಿತು.

"ಗಂಜಿ ಭಾಳ ಕಮ್ಮಿ ಐತಿ. ಹಾಗಲಕಾಯಿ ಸಿಪ್ಪಿ. ನೆನಸಿದ ಮೆಂತೆ." ಈಗ ಮಾತ್ರ ನನ್ನ ಮುಖ ನೋಡಿದಳು. "ಯಾರಿಗೆ ಸಕ್ರಿ ರತ್ನವ್ವ? ಮಾಸ್ತರಿಗೇನು?"

ಓಣಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ತಂಗಿಗೂ ಹೇಳಿರಲಿಲ್ಲ. ಹೂಂ ಎಂದೆ. ಆ ಒಂದು ಹೂಂ ಹೇಳುವಷ್ಟರಲ್ಲಿ ಕಣ್ಣು ತುಂಬಿ ಗಂಗಿಯೇ ಕಾಣದಾಯಿತು.

"ಅಳಬ್ಯಾಡ. ಆತ ನಡದಾಡ್ತಾನಿಲ್ಲ? ನಡಸು ದಿನಾ. ಕುರುಗೋಡಿನ ಬಸ್ ಎರಡು ಸ್ಟಾಪ್ ಮೊದಲಾ ಇಳಿ ಅನ್ನು."

ಆಕೆ ಬಕೀಟನ್ನು ಗಂಗಿಯ ಮುಂದಿಟ್ಟು, ಅದು ಕುಡಿದು ಮೂತಿ ಎತ್ತುವವರೆಗೆ ಕತ್ತು ತುರಿಸುತ್ತ ನಿಂತಳು. ಹನುಮಕ್ಕ ನಾನು ತಂದ ಚೊಂಬಿನಲ್ಲೇ ನೀರು ತುಂಬಿ ಬಕೀಟು ಗಲಬರಿಸಿದಳು. ಅಂಚು ಒರೆಸಿದಳು. ಆಮೇಲೆ ಅದನ್ನು ಬಾಯಿ ಮೇಲಾಗಿ ನನ್ನ ಮುಂದೆ ಇಟ್ಟಳು.